ಇಪ್ಪತ್ತೆರಡನೆಯ ಪ್ರಶ್ನೆ

ಗುಂಡಿ ನಮ್ಮ ಮನೆಯಲ್ಲಿ ಇದ್ದದ್ದು ಹನ್ನೊಂದು ದಿನ. ಅದಕ್ಕೂ ಮೊದಲು ಎರಡು ವರ್ಷ ಅವಳು ತಾಯಿಯ ಜೊತೆ ನಮ್ಮ ಮೇಲಿನ ಮನೆಯಲ್ಲಿದ್ದಳು. ತಾಯಿ ಕೆಲಸ ಮುಗಿಸಿ ಬರುವವರೆಗೆ, ಶಾಲೆ ಬಿಟ್ಟವಳು ನೇರ ನಮ್ಮಲ್ಲಿಗೇ ಬರುತ್ತಿದ್ದಳು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಒಮ್ಮೆ ರಜೆಯ ದಿನ ಅವಳನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಾಗ ಒಂಬತ್ತು ಮಹಡಿಯ ಗುಂಡಿಗಳನ್ನೂ ಒಟ್ಟಿಗೆ ಒತ್ತಿ, ಬಾಗಿಲು ತೆರೆದ ಕಡೆಯೆಲ್ಲ ಖಾಲಿ ಮೊಗಸಾಲೆಗೆ "ಯಾರಿದ್ದೀರಾ?" ಎಂದು ಕೂಗಿದಳಂತೆ. ಅಂದಿನಿಂದ ಅವಳು ಗುಂಡಿ. ಅವರು ಲಿಫ್ಟ್ ಮಾಮ. ನಾನು ಬರೀ ಅತ್ತೆ.

ನಾನು ಆಸ್ಪತ್ರೆಯಲ್ಲಿ ಹರಿದ ಚಾದರಗಳನ್ನು ಹೊಲಿಯುತ್ತೇನೆ. ಅವಳ ತಾಯಿ ತೀರಿಕೊಂಡದ್ದು ಅದೇ ಆಸ್ಪತ್ರೆಯಲ್ಲಿ. ಸಂಬಂಧಿಕರು ಅಂತ ಯಾರೂ ಬರಲಿಲ್ಲ, ಗುಂಡಿ ನಮ್ಮಲ್ಲೇ ಉಳಿದಳು. ಹನ್ನೆರಡನೆಯ ದಿನ ಮಕ್ಕಳ ಇಲಾಖೆಯ ಅಧಿಕಾರಿ ಬಂದರು. ಕೆಟ್ಟವರಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು.

"ನೀವು ಮಗುಗೆ ಏನಾಗಬೇಕು?"

"ಕೆಳಗಿನ ಮನೆಯವರು."

"ಹಾಗಾದ್ರೆ ಕಾಗದದ ಪ್ರಕಾರ ಏನೂ ಅಲ್ಲ. ಸಾಕುಪೋಷಕರು ಅಂತ ನೋಂದಣಿ ಮಾಡಿಸ್ಕೊಳ್ಳಿ. ಊರಲ್ಲಿ ಎರಡು ಸಂಸ್ಥೆ ಇದೆ, ನಿಮಗೆ ಯಾವುದು ಸರಿ ಅನಿಸುತ್ತೋ ಅಲ್ಲಿ. ಅಲ್ಲೀವರೆಗೂ ಮಗು ಸರ್ಕಾರಿ ಬಾಲಮಂದಿರದಲ್ಲಿರುತ್ತೆ, ನೋಡೋಕೆ ಬರಬೇಡಿ. ಸುಮ್ನೆ ಮಗುಗೆ ಆಸೆ ಹುಟ್ಟಿಸಿದ ಹಾಗಾಗುತ್ತೆ."

ಗುಂಡಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಎಷ್ಟು ದಿನ ಅತ್ತೆ?"

"ಬೇಗ ಬರ್ತೀಯ ಪುಟ್ಟಾ."

"ಬೇಗ ಅಂದ್ರೆ ಎಷ್ಟು?"

"ಒಂದು ಫಾರಂ ತುಂಬೋವಷ್ಟು."

ಮೂವತ್ತು ದಾಟಿದ ಮೇಲೆ ನಾನು ಸಂಜೆ ಶಾಲೆಯಲ್ಲಿ ಹತ್ತನೇ ತರಗತಿ ಪಾಸು ಮಾಡಿದವಳು. ಏನನ್ನೇ ಆರಿಸುವ ಮೊದಲು ಹಾಳೆಯ ಮೇಲೆ ಗೆರೆ ಎಳೆದು ಎರಡೂ ಕಡೆ ಬರೆಯಬೇಕು ಎಂದು ಅಲ್ಲಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಹಾಗೇ ಮಾಡಿದೆ. ಎರಡು ಸಂಸ್ಥೆಗೆ ಎರಡು ಕಾಲಂ, ಪಕ್ಕದಲ್ಲಿ ಪ್ರಶ್ನೆಗಳು. ತರಬೇತಿ ಎಷ್ಟು ವಾರ? ಮಗುವಿಗೆ ಜ್ವರ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಮಗು ಅತ್ತರೆ ಯಾರು ಬರುತ್ತಾರೆ? ನಾವು ತಪ್ಪು ಮಾಡಿದರೆ ಯಾರು ಹೇಳುತ್ತಾರೆ? ಹೀಗೆ ಇಪ್ಪತ್ತೊಂದು. ಇಪ್ಪತ್ತೆರಡನೆಯದನ್ನು ಕೊನೆಗೆ ಇಟ್ಟೆ: ನಮಗೆ ಗುಂಡಿಯನ್ನೇ ಕೊಡುತ್ತೀರಾ? ಕೇಳಲು ನಾಚಿಕೆಯಾಗುವುದನ್ನು ಕೊನೆಗಿಡುವುದು ನನ್ನ ಅಭ್ಯಾಸ.

ಮೊದಲನೆಯ ಸಂಸ್ಥೆ ಟೈರ್ ಅಂಗಡಿಯ ಮೇಲೆ, ಎರಡು ಕೋಣೆ. ಒಂದರಂತೆ ಒಂದು ಕುರ್ಚಿ ಇರಲಿಲ್ಲ. ಅಲ್ಲಿನ ಮೇಡಂ ಕೆಮ್ಮುತ್ತಲೇ ಫಾರಂ ಹುಡುಕಿದರು, ಸಿಗಲಿಲ್ಲ. ಮೇಜಿನ ಮೇಲೆ ಯಾರದೋ ಫೈಲು ತೆರೆದು ಬಿದ್ದಿತ್ತು. ನಾನು ಓದಬಾರದೆಂದು ಕತ್ತು ತಿರುಗಿಸಿ ಕೂತೆ, ಕೊನೆಗೆ ಕತ್ತು ಹಿಡಿದುಕೊಂಡಿತು. ಹದಿನೆಂಟನೆಯ ಪ್ರಶ್ನೆಗೆ ಅವರು ನಕ್ಕರು.

"ಅಮ್ಮಾ, ನಾನೇ ಇಷ್ಟು ಪ್ರಶ್ನೆ ಕೇಳಿದ್ದಿದ್ರೆ ಮಕ್ಕಳನ್ನ ಹೆರ್ತಾನೇ ಇರಲಿಲ್ಲ."

ಇಪ್ಪತ್ತೊಂದು ಮುಗಿಯುವಷ್ಟರಲ್ಲಿ ಅವರಿಗೆ ಫೋನ್ ಬಂತು. ಅವರು ಎದ್ದರು, ನಾವೂ ಎದ್ದೆವು.

ಎರಡನೆಯದು ನಾಲ್ಕನೇ ಮಹಡಿ, ಗಾಜಿನ ಬಾಗಿಲು. ಲಿಫ್ಟ್ ನಿಂತಾಗ ನನ್ನವರು ಬಗ್ಗಿ, ಅದರ ನೆಲ ಹೊಸ್ತಿಲಿಗೆ ಸಮವಾಗಿ ನಿಂತಿದೆಯೇ ಎಂದು ನೋಡಿ, "ಕೂದಲೆಳೆ ಹೆಚ್ಚುಕಮ್ಮಿ ಇಲ್ಲ ನೋಡೇ," ಎಂದರು. ಹದಿನಾಲ್ಕು ವಾರ ತರಬೇತಿ, ಮೂರು ಸಲ ಮನೆ ಪರಿಶೀಲನೆ, ಹಗಲು ರಾತ್ರಿ ಫೋನು. ನಮ್ಮ ಅರ್ಜಿ ನೋಡಿಕೊಳ್ಳುವ ಹುಡುಗ ಪ್ರತಿ ಪ್ರಶ್ನೆಗೂ ಪೆನ್ನು ಕೆಳಗಿಟ್ಟು ಉತ್ತರ ಕೊಟ್ಟ. ಅವನು ಕೊಟ್ಟ ಪುಸ್ತಿಕೆಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು: ಮಗುವನ್ನು ಆರಿಸುವುದು ಪೋಷಕರ ಕೆಲಸವಲ್ಲ. ನಾನು ಇಪ್ಪತ್ತೆರಡನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಮುಚ್ಚಿಕೊಂಡೆ. ಇಂಥದೇ ಮಗು ಬೇಕು ಎಂದರೆ ಇವರು ಸರಿಯಿಲ್ಲ ಎಂದುಕೊಂಡುಬಿಟ್ಟರೆ? ಅರ್ಹತೆ ಸಿಗಲಿ, ಆಮೇಲೆ ಕೇಳೋಣ ಎಂದುಕೊಂಡೆ.

ಮನೆಗೆ ಬಂದು ಅಂಕ ಹಾಕಿದೆ. ನಾಲ್ಕನೇ ಮಹಡಿಗೆ ಹತ್ತೊಂಬತ್ತು, ಟೈರ್ ಅಂಗಡಿಗೆ ಎಂಟು.

"ನಂಗೆ ಆ ಕೆಮ್ಮೋ ಮೇಡಮ್ಮೇ ಇಷ್ಟ ಆದ್ರು," ಎಂದರು ಅವರು. "ನಿನ್ನ ಮುಖ ನೋಡಿ ಮಾತಾಡಿದ್ರು."

"ರೀ, ಫಾರಂ ಎಲ್ಲಿದೆ ಅಂತ ಗೊತ್ತಿಲ್ಲದವರು ಮಗು ಎಲ್ಲಿದೆ ಅಂತ ನೋಡ್ಕೋತಾರಾ?"

"ಆಯ್ತು ಮಾರಾಯ್ತಿ. ಪರೀಕ್ಷೆ ಬರೆದು ಪಾಸಾದೋಳು ನೀನು. ನಾನೇನು, ನಟ್ಟು ಬೋಲ್ಟು."

ಹದಿನಾಲ್ಕು ವಾರ ಒಂದೂ ತಪ್ಪಿಸಲಿಲ್ಲ. ಅವರು ಕೆಲಸದ ಬಟ್ಟೆಯಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು, ನಾನು ಇಬ್ಬರ ಪಾಲಿನದನ್ನೂ ಬರೆದುಕೊಳ್ಳುತ್ತಿದ್ದೆ. ಎರಡು ಸಲ ಅವರು, "ಹೋಗಿ ಒಂದ್ಸಲ ದೂರದಿಂದಾದ್ರೂ ನೋಡ್ಕೊಂಡು ಬರೋಣ," ಎಂದರು. ಬೇಡ ಎಂದವಳು ನಾನೇ. ಅಧಿಕಾರಿ ಹೇಳಿದ್ದಾರಲ್ಲ ಎಂದೆ. ಅವರು ಮಾತು ಬೆಳೆಸದೆ ಕೆಡವಿದ ಕಟ್ಟಡವೊಂದರಿಂದ ಲಿಫ್ಟಿನ ಹಳೆಯ ಫಲಕ ತಂದು, ಉಜ್ಜಿ, ಒತ್ತಿದರೆ ದೀಪ ಹತ್ತುವಂತೆ ಮಾಡಿ ಅವಳ ಮಂಚದ ಪಕ್ಕ ಗೋಡೆಗೆ ಕೂರಿಸಿದರು. ಮನೆ ಪರಿಶೀಲನೆಗೆ ಬಂದ ಹುಡುಗ, ವಿದ್ಯುತ್ ಸಾಮಾನು ಮಗುವಿನ ಕೋಣೆಯಲ್ಲಿ ಇರಬಾರದು ಎಂದು ಬರೆದುಕೊಂಡ. ವೈರು ಕಿತ್ತರು. ಗುಂಡಿಗಳು ಉಳಿದವು, ದೀಪ ಹೋಯಿತು.

ಐದನೆಯ ತಿಂಗಳು ಅರ್ಹತಾ ಪತ್ರ ಕೈಗೆ ಬಂತು. ಅಲ್ಲೇ, ಆ ಹುಡುಗನ ಮೇಜಿನ ಮುಂದೆ, ನಾನು ಇಪ್ಪತ್ತೆರಡನೆಯ ಪ್ರಶ್ನೆ ಕೇಳಿದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿದ. ಮತ್ತೆ ಹುಡುಕಿದ.

"ಈ ಮಗು ನಮ್ಮ ಪಟ್ಟೀಲಿಲ್ಲ ಮೇಡಂ. ಒಂದೊಂದು ಸಂಸ್ಥೆಗೆ ಅವರವರದೇ ಮಕ್ಕಳು. ಇದು ಟೈರ್ ಅಂಗಡಿ ಮೇಲಿನವರ ಹತ್ರ ಹೋಗಿರಬೇಕು. ಮೊದಲ ದಿನವೇ ಹೇಳಿದ್ದಿದ್ರೆ ನಾನೇ ನಿಮ್ಮನ್ನ ಅಲ್ಲಿಗೆ ಕಳಿಸ್ತಿದ್ದೆ."

"ಪುಸ್ತಿಕೇಲಿ ಇತ್ತಲ್ಲ, ಆರಿಸಬಾರದು ಅಂತ."

"ಅದು ಗೊತ್ತಿಲ್ಲದ ಮಕ್ಕಳ ಬಗ್ಗೆ, ಮೇಡಂ. ನಿಮ್ಮನ್ನ ಗೊತ್ತಿರೋ ಮಗುಗೆ ಅಲ್ಲ."

 ಕೆಳಗಿಳಿಯುವಾಗ ನನ್ನವರು ಲಿಫ್ಟಿನ ಹೊಸ್ತಿಲನ್ನೂ ನೋಡಲಿಲ್ಲ.

ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಆ ಮೇಡಂ ನನ್ನನ್ನು ನೋಡಿದ ಕೂಡಲೇ, "ಓ, ಪ್ರಶ್ನೆಪತ್ರಿಕೆ!" ಎಂದು ನಕ್ಕರು. ನಾನು ವಿಷಯ ಹೇಳುತ್ತ ಹೋದಂತೆ ಅವರ ನಗು ಇಳಿಯಿತು. ಕನ್ನಡಕ ತೆಗೆದು ನನ್ನವರನ್ನು ದಿಟ್ಟಿಸಿದರು.

"ನೀವು ಲಿಫ್ಟ್ ಮಾಮಾನಾ?"

ಅವರು ತಲೆಯಾಡಿಸಿದರು.

"ಅಯ್ಯೋ ದೇವರೇ. ಬಾಲಮಂದಿರಕ್ಕೆ ಹೋದಾಗಲೆಲ್ಲ ಹೇಳೋಳು. ಲಿಫ್ಟ್ ಮಾಮ ಇದ್ದಾರೆ, ಅತ್ತೆ ಫಾರಂ ತುಂಬ್ತಿದ್ದಾರೆ, ಬಂದ್ಬಿಡ್ತಾರೆ ಅಂತ. ನಿಮ್ಮ ಹೆಸರು ಅವಳಿಗೆ ಗೊತ್ತಿಲ್ಲ. ನನ್ನ ಅರ್ಜಿಗಳನ್ನೆಲ್ಲ ತಿರುವಿ ಹಾಕಿದೆ, ಲಿಫ್ಟ್ ಕೆಲಸದವರು ಒಬ್ಬರೂ ಇರಲಿಲ್ಲ. ಇಲಾಖೆಗೆ ಬರೆದೆ, ಆ ಅಧಿಕಾರಿಗೆ ವರ್ಗ ಆಗಿತ್ತು, ಫೈಲಲ್ಲಿ ನಿಮ್ಮ ವಿಳಾಸ ಇರಲಿಲ್ಲ. ಒಂದು ಮನೆಯವರು ಒಪ್ಪಿದ್ರೂ ಮೂರು ವಾರ ತಡೆದೆ ಕಣಮ್ಮ. ಅದಕ್ಕಿಂತ ತಡೆಯೋಕಾಗಲಿಲ್ಲ."

ಬೇರೆ ಊರಿನ ಮನೆ. ಅವಳನ್ನು ಕಳಿಸಿ ಏಳು ವಾರವಾಗಿತ್ತು. ದೊಡ್ಡವಳಾಗುವವರೆಗೂ ಇಟ್ಟುಕೊಳ್ಳಲು ಒಪ್ಪಿದವರು, ಒಳ್ಳೆಯ ಜನ ಎಂದರು. ಹೊಂದಿಕೊಳ್ಳುತ್ತಿರುವ ಮಗುವನ್ನು ಮತ್ತೆ ಎಬ್ಬಿಸುವ ಹಾಗಿಲ್ಲ ಎಂದೂ ಹೇಳಿದರು. ತರಬೇತಿಯ ಆರನೆಯ ಪಾಠದಲ್ಲಿ ನಾನೇ ಅದನ್ನು ಬರೆದುಕೊಂಡಿದ್ದೆ, ಕೆಳಗೆ ಗೆರೆ ಹಾಕಿ.

"ಕಾಗದ ಬರೀಬಹುದಾ?" ಎಂದೆ.

"ಬರೀರಿ, ಕಳಿಸ್ತೀನಿ. ಓದಿ ಹೇಳೋದು ಬಿಡೋದು ಅವರಿಗೆ ಬಿಟ್ಟಿದ್ದು."

ಕಾಗದವನ್ನು ನಾಲ್ಕು ಸಲ ತಿದ್ದಿ ಬರೆದೆ. ಅರ್ಧ ಪುಟ. ತಪ್ಪು ನನ್ನದು ಎಂದು ಬರೆದರೆ ಮಗುವಿಗೆ ಅರ್ಥವಾಗುತ್ತದೆಯೇ, ಬರೆಯದಿದ್ದರೆ ನಾವು ಮರೆತೆವು ಎಂದುಕೊಳ್ಳುತ್ತಾಳೆಯೇ ಎಂದು ತಿಳಿಯದೆ ಒಂದು ವಾರ ಕಳೆಯಿತು. ಕೊನೆಗೆ ನನ್ನವರೇ ಕಸಿದುಕೊಂಡು, "ಇಷ್ಟು ಸಾಕು ಕಣೇ, ಇನ್ನೂ ತಡ ಮಾಡ್ಬೇಡ," ಎಂದು ಅಂಚೆಗೆ ಹಾಕಿ ಬಂದರು.

ಹದಿನೈದು ದಿನಕ್ಕೆ ಮೇಡಂ ಫೋನ್ ಮಾಡಿದರು. "ಸದ್ಯಕ್ಕೆ ಬೇಡ ಅಂದ್ರಮ್ಮ. ಈಗೀಗ ಅವಳು ನಿಮ್ಮನ್ನ ಕೇಳೋದು ಬಿಟ್ಟಿದ್ದಾಳಂತೆ. ಮತ್ತೆ ನೆನಪಿಸೋದು ಯಾಕೆ ಅಂತ."

ಹೇಳಿದೆ. ನನ್ನವರು ಮಗುವಿನ ಕೋಣೆಯಲ್ಲಿ ಮಂಚದ ಅಂಚಿನಲ್ಲಿ ಕೂತಿದ್ದರು.

"ಒಳ್ಳೇದಾಯ್ತು ಬಿಡು," ಎಂದರು. ದಿಂಬನ್ನು ಸರಿಮಾಡುತ್ತ, "ಒಳ್ಳೇದೇ ಅಲ್ವೇನೇ?"

 ನಾಲ್ಕನೇ ಮಹಡಿಯ ಹುಡುಗ ಆಮೇಲೆ ಎರಡು ಸಲ ಫೋನ್ ಮಾಡಿದ, ಒಂದು ಮಗು ಇದೆ, ಕೋಣೆ ಖಾಲಿ ಇದೆಯಾ ಎಂದು. ಖಾಲಿ ಇದೆ, ಆದರೆ ಈಗ ಬೇಡ ಎಂದೆ. ಮೂರು ಸಲ ಬೇಡ ಎಂದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಇದೂ ನಾನು ಕೇಳಿ ಬರೆದುಕೊಂಡದ್ದೇ, ಒಂಬತ್ತನೆಯ ಪ್ರಶ್ನೆ.

ನಿನ್ನೆ ಆ ಹಾಳೆ ತೆಗೆದೆ. ಕೊನೆಯ ಸಾಲು ಎರಡೂ ಕಾಲಂನಲ್ಲಿ ಖಾಲಿಯಿತ್ತು. ಉತ್ತರಪತ್ರಿಕೆ ಖಾಲಿ ಬಿಟ್ಟು ಕೊಟ್ಟು ನನಗೆ ಅಭ್ಯಾಸವಿಲ್ಲ. ನಾಲ್ಕನೇ ಮಹಡಿಯ ಕೆಳಗೆ 'ಇಲ್ಲ' ಎಂದು ಬರೆದೆ. ಟೈರ್ ಅಂಗಡಿಯ ಕೆಳಗೆ 'ಹೌದು' ಎಂದು ಬರೆಯುವಾಗ, ಒಳಗಿನಿಂದ ಟಕ್ ಟಕ್ ಎಂದು ಸದ್ದು ಕೇಳಿಸಿತು. ನನ್ನವರು ಗೋಡೆಯ ಫಲಕದ ದೀಪವಿಲ್ಲದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಒಂಬತ್ತೂ ಆದ ಮೇಲೆ ಸದ್ದು ನಿಂತಿತು.