ಅಳತೆಯ ಡಬ್ಬಿ ಮತ್ತು ಪಾರವ್ವನ ಉಡಿ

ನಾನೊಂದು ತಗಡಿನ ಡಬ್ಬಿ. ಕಾರ್ಖಾನೆಯಲ್ಲಿ ತಗಡು ಕತ್ತರಿಸಿ, ಮಡಿಸಿ, ಬೆಸುಗೆ ಹಾಕಿ, ಮೈಮೇಲೆ ದೊಡ್ಡದೊಂದು ಸೂರ್ಯಕಾಂತಿ ಹೂವು ಒತ್ತಿ, ಹೊಟ್ಟೆ ತುಂಬ ಎಣ್ಣೆ ಸುರಿದು ನನ್ನನ್ನು ಲೋಕಕ್ಕೆ ಬಿಟ್ಟರು. ಆ ಹೂವಿನಿಂದಾಗಿ ನನಗೆ ನನ್ನ ಮೇಲೆಯೇ ಬಹಳ ಅಭಿಮಾನವಿತ್ತು.

ಗಂಗಾವತಿಯ ಖಾನಾವಳಿಯೊಂದರಲ್ಲಿ ಆ ಅಭಿಮಾನ ಇಳಿಯಿತು. ನನ್ನೊಳಗಿನ ಎಣ್ಣೆ ಮುಗಿದ ಮೇಲೆ ಅಲ್ಲಿಯ ಯಜಮಾನ ಹಿಂಬಾಗಿಲಿನಿಂದ ಅಗ್ಗದ ಎಣ್ಣೆ ತರಿಸಿ ನನಗೆ ಸುರಿಯುತ್ತಿದ್ದ. ಹೂವಿನ ಮಗ್ಗುಲು ಗಿರಾಕಿಗಳ ಕಡೆಗೆ ಬರುವಂತೆ ತಿರುಗಿಸಿಡುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ, ನಾನು ಅದನ್ನು ಹೊಟ್ಟೆಯಲ್ಲಿ ಹೊತ್ತು ಕಲಿತೆ. ಅಂದಿನಿಂದ ನನ್ನದು ಅನುಮಾನದ ಬುದ್ಧಿ. ಯಾರಾದರೂ ನನ್ನೊಳಗೆ ಏನನ್ನಾದರೂ ಹಾಕಿದರೆ ಮೊದಲು ಅದರ ತೂಕ ನೋಡುತ್ತೇನೆ, ಆಮೇಲೆ ಹಾಕಿದವರ ಮುಖ ನೋಡುತ್ತೇನೆ.

ಖಾನಾವಳಿಯಿಂದ ಗುಜರಿ ಅಂಗಡಿಗೆ ಹೋದೆ. ಅಲ್ಲಿಂದ ನನ್ನನ್ನು ತಂದವನು ಕಾರಟಗಿ ರಸ್ತೆಯಲ್ಲಿ ಬ್ರಾಯ್ಲರ್ ಕೋಳಿ ಸಾಕುವ ಹನುಮೇಶ ನಾಯಕ. ನನ್ನ ಮೇಲ್ಭಾಗ ಕತ್ತರಿಸಿ, ಅಡ್ಡಲಾಗಿ ಒಂದು ಕಟ್ಟಿಗೆಯ ತುಂಡು ಬಡಿದು ಹಿಡಿಕೆ ಮಾಡಿದ. ನಾನು ಕೋಳಿಮೇವಿನ ಅಳತೆಯ ಡಬ್ಬಿಯಾದೆ.

ಆ ಶೆಡ್ಡಿನಲ್ಲಿ ಮೇವು ಕಲಸುವ ರೀತಿ ಹೀಗಿತ್ತು. ನುಚ್ಚು ಮಾಡಿದ ಮೆಕ್ಕೆಜೋಳ ಇಷ್ಟು ಡಬ್ಬಿ, ಸೋಯಾ ಹಿಂಡಿ ಇಷ್ಟು ಡಬ್ಬಿ, ಮೇಲೆ ಒಂದಿಷ್ಟು ಖನಿಜದ ಪುಡಿ, ಎಣ್ಣೆ. ಎಲ್ಲವನ್ನೂ ನೆಲಕ್ಕೆ ಸುರಿದು ಸಲಿಕೆಯಿಂದ ತಿರುವಿ ಹಾಕುವುದು. ತಕ್ಕಡಿ ಇರಲಿಲ್ಲ. ಹನುಮೇಶ ನಾಯಕನ ಪ್ರಕಾರ ಡಬ್ಬಿಯೆಂದರೆ ಡಬ್ಬಿ, ಅದಕ್ಕಿಂತ ನಿಖರವಾದ ಅಳತೆ ಬೇರೆ ಬೇಕಿಲ್ಲ. ಕೋಳಿಗಳೂ ಚೆನ್ನಾಗಿಯೇ ಬೆಳೆಯುತ್ತಿದ್ದವು, ಹಾಗಾಗಿ ಅವನಿಗೆ ಎದುರಾಡುವವರಿರಲಿಲ್ಲ.

ನನ್ನನ್ನು ದಿನವೂ ಹಿಡಿಯುತ್ತಿದ್ದವಳು ಪಾರವ್ವ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಅವಳು ಶೆಡ್ಡಿನ ಕೆಲಸದಾಕೆ. ನನ್ನಂಥ ಸಂಶಯದ ಪ್ರಾಣಿಯೂ ಅವಳ ಮುಖ ನೋಡುವುದನ್ನು ಬಿಟ್ಟುಬಿಟ್ಟಿತ್ತು. ಡಬ್ಬಿ ತುಂಬಿದ ಮೇಲೆ ಅಂಗೈಯಿಂದ ನನ್ನ ಬಾಯಿ ಸವರಿ, ಹೆಚ್ಚಾದದ್ದನ್ನು ಮತ್ತೆ ಚೀಲಕ್ಕೇ ಬೀಳಿಸುತ್ತಿದ್ದಳು. ಒಂದು ಹಿಡಿಯೂ ಆಚೀಚೆ ಹೋಗುತ್ತಿರಲಿಲ್ಲ. ಬಗ್ಗಿ ಏಳುವಾಗ ಅವಳ ಸೀರೆಯ ಉಡಿಯಲ್ಲಿ ಎಲೆ-ಅಡಿಕೆಯ ಸಂಚಿಯೊಂದೇ ಅಲ್ಲಾಡುತ್ತಿತ್ತು.

ಒಂದು ವರ್ಷ ಮೆಕ್ಕೆಜೋಳ ಸಿಗುವುದೇ ಕಷ್ಟವಾಯಿತು. ಆಗ ಗಿರಣಿಯ ಗುಮಾಸ್ತ ವಿರುಪಣ್ಣ ಎಣ್ಣೆ ತೆಗೆದ ತೌಡನ್ನು ಒಂದು ಮುಷ್ಟಿ ಹಿಡಿದುಕೊಂಡು ಶೆಡ್ಡಿಗೆ ಬಂದ. ಮೆಕ್ಕೆಜೋಳಕ್ಕಿಂತ ಇದರಲ್ಲಿ ಪ್ರೋಟೀನ್ ಜಾಸ್ತಿ, ಬೇಕಾದರೆ ಯಾರನ್ನಾದರೂ ಕೇಳಿ ಎಂದ. ಹನುಮೇಶ ನಾಯಕ ಕೇಳಿದ. ಮಾತು ನಿಜವಾಗಿತ್ತು. ಪ್ರೋಟೀನ್ ಎಂಬ ಶಬ್ದ ಅವನ ಕಿವಿಗೆ ಮಂತ್ರದ ಹಾಗೆ ಬಿತ್ತು. ಮೆಕ್ಕೆಜೋಳದ ಡಬ್ಬಿಗಳಲ್ಲಿ ಅರ್ಧಕ್ಕರ್ಧ ತೌಡಿನ ಡಬ್ಬಿಯಾದವು.

ತೌಡು ಒಳಗೆ ಬಿದ್ದ ಮೊದಲ ದಿನವೇ ನನಗೆ ಗುಮಾನಿ ಬಂತು. ಬಾಯಿಯವರೆಗೆ ತುಂಬಿದ್ದೆ, ಆದರೂ ಪಾರವ್ವ ಖಾಲಿ ಬಿಂದಿಗೆ ಎತ್ತಿದ ಹಾಗೆ ನನ್ನನ್ನು ಹಗುರಾಗಿ ಎತ್ತಿದಳು. ಖಾನಾವಳಿಯ ಹೂವು ನೆನಪಾಯಿತು. ಡಬ್ಬಿ ತುಂಬಿದೆಯೇ ಎಂದು ಎಲ್ಲರೂ ನೋಡಿದರು, ಏನು ತುಂಬಿದೆ ಎಂದು ಯಾರೂ ನೋಡಲಿಲ್ಲ. ಹೇಳೋಣವೆಂದರೆ ಡಬ್ಬಿಗೆ ಬಾಯಿ ಇದ್ದರೂ ಮಾತಿಲ್ಲ.

ಮುಂದೆ ವಿಚಿತ್ರ ಶುರುವಾಯಿತು. ಕೋಳಿಗಳು ತಟ್ಟೆಗೆ ಮೇವು ಬೀಳುವುದೇ ತಡ ಮುಗಿಬಿದ್ದು ತಿನ್ನುತ್ತಿದ್ದವು. ಉಗ್ರಾಣದ ಚೀಲಗಳು ಕರಗತೊಡಗಿದವು. ಆದರೆ ಹಿಡಿದೆತ್ತಿದರೆ ಕೋಳಿ ಹಗುರ. ಹನುಮೇಶ ನಾಯಕ ಮೊದಲು ಇಲಿಗಳನ್ನು ಬೈದ, ಬೋನು ಇಟ್ಟ. ನನ್ನ ತಳದಲ್ಲಿ ತೂತಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದ. ಮೇವು ಮೊದಲಿಗಿಂತ ಉತ್ತಮ, ಪ್ರೋಟೀನ್ ಹೆಚ್ಚು. ಚೀಲ ಮಾತ್ರ ಖಾಲಿ, ಕೋಳಿ ಮಾತ್ರ ಬಡಕಲು. ಹಾಗಾದರೆ ಮೇವು ಹೋಗುತ್ತಿರುವುದೆಲ್ಲಿಗೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನ ಕಣ್ಣು ಪಾರವ್ವನ ಮೇಲೆ ನಿಂತಿತು. ಅವಳ ಗಂಡ ಹಮಾಲ, ಚೀಲ ಸಾಗಿಸುವುದು ಅವನಿಗೆ ಕರತಲಾಮಲಕ. ಲೆಕ್ಕ ಸರಿಹೋಯಿತು ಎಂದುಕೊಂಡ.

ಒಂದು ಸಂಜೆ ಅವನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತ. ಕೆಲಸ ಮುಗಿಸಿ ಹೊರಟ ಪಾರವ್ವನನ್ನು ತಡೆದ.

"ಉಡಿ ಝಾಡ್ಸು," ಎಂದ.

ಪಾರವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಈ ಸೀಮೆಯಲ್ಲಿ ಹೆಂಗಸಿನ ಉಡಿಯೆಂದರೆ ತವರಿನವರು ಅಕ್ಕಿ, ಕೊಬ್ಬರಿ ತುಂಬಿ ಕಳಿಸುವ ಜಾಗ. ತುಂಬುವುದು ಗೊತ್ತು, ಝಾಡಿಸುವುದು ಯಾರಿಗೂ ಗೊತ್ತಿಲ್ಲ. ಅವಳು ಉಡಿ ಬಿಚ್ಚಿ ಕೊಡವಿದಳು. ಎಲೆ-ಅಡಿಕೆಯ ಸಂಚಿ ಮಣ್ಣಿಗೆ ಬಿತ್ತು. ಅದನ್ನು ಎತ್ತಿಕೊಂಡು ಹೋದಳು.

ಅದು ಆ ಒಂದು ದಿನಕ್ಕೆ ಮುಗಿಯಲಿಲ್ಲ. ದಿನವೂ ಸಂಜೆ ಹಾಗೆಯೇ ನಡೆಯಿತು. ಕೊನೆಕೊನೆಗೆ ಅವನು ಹೇಳುವ ಮೊದಲೇ ಅವಳು ಗೇಟಿಗೆ ಬಂದು ನಿಂತು, ಉಡಿ ಬಿಚ್ಚಿ ತೋರಿಸಿ ಹೋಗುತ್ತಿದ್ದಳು. ಸುದ್ದಿ ಊರಿಗೆ ಹಬ್ಬಿತು. ಗಿರಣಿಯಲ್ಲೂ ಅವಳ ಗಂಡನ ಟವೆಲ್ಲು ಬಿಚ್ಚಿಸಿ ನೋಡತೊಡಗಿದರಂತೆ. ಮಗಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಮನೆಬಾಗಿಲಿಗೆ ಬರಲಿಲ್ಲ ಎಂದು ಅವಳು ನನಗೆ ಮೇವು ತುಂಬುತ್ತ ತನ್ನಷ್ಟಕ್ಕೇ ಹೇಳಿಕೊಂಡಳು. ಕಳ್ಳಿಯ ಮಗಳು ಎಂಬ ಹೆಸರು ಹೊತ್ತವಳನ್ನು ಯಾರು ತಂದುಕೊಳ್ಳುತ್ತಾರೆ? ಉಡಿಯಲ್ಲಿ ಏನೂ ಸಿಗದಿದ್ದರೂ ಹನುಮೇಶ ನಾಯಕನ ಸಂಶಯ ಕಡಿಮೆಯಾಗಲಿಲ್ಲ. ಬಹಳ ಜಾಣೆ, ಅದಕ್ಕೇ ಸಿಗುತ್ತಿಲ್ಲ ಎಂದುಕೊಂಡ. ಒಂದು ದಿನ ಅವಳನ್ನು ಕೆಲಸದಿಂದಲೇ ತೆಗೆದ.

"ನಾ ಕದ್ದಿಲ್ರಿ ಧಣಿ," ಎಂದಳು ಪಾರವ್ವ. "ಕೋಳಿಗೊಳೇ ತಿಂದಾವು."



ಅವಳು ಹೋದ ಮೇಲೆ ಉಗ್ರಾಣಕ್ಕೆ ಹೊಸ ಬೀಗ ಬಿತ್ತು. ಬೀಗದ ಕೈ ಹನುಮೇಶ ನಾಯಕನ ಉಡಿದಾರ ಸೇರಿತು. ಈಗ ನನ್ನನ್ನು ಅವನೇ ತುಂಬುತ್ತಿದ್ದ, ಅವನೇ ಸುರಿಯುತ್ತಿದ್ದ. ಚೀಲಗಳು ಮಾತ್ರ ಮೊದಲಿನ ಹಾಗೆಯೇ ಕರಗಿದವು. ಅವನು ಬೀಗ ಬದಲಿಸಿದ. ಕಳ್ಳ ಮೇಲಿಂದ ಇಳಿದಿರಬಹುದೆಂದು ಮಾಡಿನ ಹೆಂಚು ಎಣಿಸಿದ. ತನ್ನ ಭಾವಮೈದುನರ ಮೇಲೆ ಕಣ್ಣಿಟ್ಟ. ತಾನೇ ತನಗೆ ಕಳ್ಳನಾಗಿ ಕಾಣುವುದೊಂದು ಬಾಕಿಯಿತ್ತು.

ಒಂದು ಭಾನುವಾರ ಅವನ ಹೆಂಡತಿ ಹುಲಿಗೆಮ್ಮ ಮನೆಯ ಅಡುಗೆಗೆಂದು ಶೆಡ್ಡಿನ ಕೋಳಿಯೊಂದನ್ನು ಕೊಯ್ದು, ನನ್ನಲ್ಲಿ ನೀರು ತುಂಬಿಕೊಂಡು ಹಿತ್ತಲಲ್ಲಿ ತೊಳೆಯಲು ಕುಳಿತಳು. ಕೋಳಿಯ ಕುತ್ತಿಗೆಯ ಬುಡದಲ್ಲಿ ಕಾಳು ಸೇರುವ ಚೀಲ ಬಿರಿಯುವಂತೆ ಉಬ್ಬಿತ್ತು. ಸೀಳಿದರೆ ತೌಡೇ ತೌಡು. ಎದೆಯ ಮೇಲೆ ಕೈಯಾಡಿಸಿದರೆ ಮೂಳೆ ಚುಚ್ಚುತ್ತಿತ್ತು. ಅವಳು ಗಂಡನನ್ನು ಕರೆದಳು.

"ಇಲ್ಲಿ ನೋಡ್ರಿ. ತಿಂದು ತಿಂದು ಹೊಟ್ಟಿ ಬಿರಿಯಾಕತ್ತೈತಿ, ಎದಿಮ್ಯಾಲೆ ಖಂಡ ಇಲ್ಲ. ಪಾರವ್ವ ಕದ್ದಿದ್ರ ಇದರ ಹೊಟ್ಟ್ಯಾಗ ಇಷ್ಟು ಹ್ಯಾಂಗ ಬಂತು?"

ಅವನು ತಾನೇ ಕೋಳಿಯ ಎದೆ ಮುಟ್ಟಿ ನೋಡಿದ. ಆಮೇಲೆ ಪಶುವೈದ್ಯರಿಗೆ ಫೋನು ಹಚ್ಚಿದ. ಅವರು ಕೇಳಿದ ಮೊದಲ ಪ್ರಶ್ನೆಯೇ, ತೂಕ ಮಾಡಿ ಹಾಕಿದ್ದೀರಾ ಎಂದು. ಡಬ್ಬಿಯಿಂದ ಅಳೆದಿದ್ದೇನೆ ಎಂದ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕೋಳಿ ತಿನ್ನುವುದು ಶಕ್ತಿಗಾಗಿ. ಮೆಕ್ಕೆಜೋಳದಲ್ಲಿರುವ ಶಕ್ತಿ ತೌಡಿನಲ್ಲಿಲ್ಲ. ಸಾಲದ್ದಕ್ಕೆ ಡಬ್ಬಿ ತುಂಬಿದರೂ ತೌಡಿನ ತೂಕ ಕಡಿಮೆ. ಶಕ್ತಿ ಸಿಗುವವರೆಗೆ ಕೋಳಿ ತಿನ್ನುತ್ತಲೇ ಇರುತ್ತದೆ, ಹೊಟ್ಟೆಯಲ್ಲಿ ಜಾಗ ಮುಗಿದರೂ ಅದಕ್ಕೆ ಸಾಲುವುದಿಲ್ಲ. ಆಗ ಮೈ ಕಟ್ಟಬೇಕಾದ ಪ್ರೋಟೀನೇ ಶಕ್ತಿಗೆಂದು ಉರಿದುಹೋಗುತ್ತದೆ. ಒಲೆಗೆ ಕಟ್ಟಿಗೆ ಇಲ್ಲವೆಂದು ಮನೆಯ ತೊಲೆ ಮುರಿದು ಹಾಕಿದ ಹಾಗೆ. ಪ್ರೋಟೀನ್ ಎಷ್ಟೆಂದು ಕೇಳಿದಿರಿ, ಶಕ್ತಿ ಎಷ್ಟೆಂದು ಕೇಳಲಿಲ್ಲವಲ್ಲ ಎಂದರು.

ಫೋನು ಇಟ್ಟ ಮೇಲೆ ಹನುಮೇಶ ನಾಯಕ ನನ್ನ ಕಡೆ ನೋಡಿದ. ಅವನ ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಡಬ್ಬಿಯ ಅಳತೆಯ ಮೇಲೆ ಸಂಶಯಪಟ್ಟ. ಬಹಳ ತಡವಾಗಿತ್ತು.

ಪಾರವ್ವನ ಮನೆಗೆ ಹೋಗಿ ಕರೆಯುವ ಧೈರ್ಯ ಅವನಿಗೆ ಬರಲಿಲ್ಲ. ಹುಲಿಗೆಮ್ಮನೇ ಹೋಗಿ ಕರೆತಂದಳು. ಊರಿನ ನಾಲ್ಕು ಜನ ಹೆಂಗಸರನ್ನೂ ಬೇಕೆಂದೇ ಕರೆಸಿದ್ದಳು. ಕಂಬಳಿ ಹಾಸಿ ಕೂರಿಸಿ, ಅರಿಶಿನ-ಕುಂಕುಮ ಹಚ್ಚಿ, ಪಾರವ್ವನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ, ಕುಪ್ಪಸಕ್ಕೆಂದು ಹೊಸ ಕಣದ ಬಟ್ಟೆ ತುಂಬಿದಳು. ತಪ್ಪು ನಮ್ಮದೆಂದು ಎಲ್ಲರೆದುರಿಗೆ ಹೇಳಿದಳು. ನಾಳೆಯಿಂದ ಕೆಲಸಕ್ಕೆ ಬಾ ಎಂದೂ ಹೇಳಿದಳು. ಪಾರವ್ವ ತಲೆ ಬಗ್ಗಿಸಿ ಎಲ್ಲವನ್ನೂ ತುಂಬಿಸಿಕೊಂಡಳು. ಹನುಮೇಶ ನಾಯಕ ದೂರದಲ್ಲಿ, ಗೇಟಿನ ಹತ್ತಿರ, ಅದೇ ಕುರ್ಚಿಯ ಪಕ್ಕ ನಿಂತಿದ್ದ. ನಾನೂ ಅಲ್ಲಿಯೇ ಬಿದ್ದಿದ್ದೆ.

ಪಾರವ್ವ ಎದ್ದು ಗೇಟಿನವರೆಗೆ ಬಂದಳು. ಅಲ್ಲಿ ಅವಳ ಕಾಲುಗಳು ತಾವಾಗಿಯೇ ನಿಂತವು. ಅವಳು ಅವನ ಕಡೆ ತಿರುಗಿ, ತುಂಬಿದ ಉಡಿಯನ್ನು ಎರಡೂ ಕೈಯಿಂದ ಬಿಡಿಸಿ ಹಿಡಿದಳು.

"ನೋಡ್ಕೊಳ್ರಿ ಧಣಿ," ಎಂದಳು.

ಅವನು ನೋಡಲಿಲ್ಲ. ನೋಡಲು ಅವನಿಂದ ಆಗಲಿಲ್ಲ. ಅವಳು ಸ್ವಲ್ಪ ಹೊತ್ತು ಹಾಗೆಯೇ ಹಿಡಿದು ನಿಂತು, ಉಡಿ ಕಟ್ಟಿಕೊಂಡು ಹೊರಟಳು. ಮರುದಿನ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ.

ಈಗ ಶೆಡ್ಡಿಗೆ ತಕ್ಕಡಿ ಬಂದಿದೆ. ಮೆಕ್ಕೆಜೋಳವೂ ಮರಳಿದೆ, ಕೋಳಿಗಳು ಮೈದುಂಬಿವೆ. ನಾನು ಗೇಟಿನ ಮೂಲೆಯಲ್ಲಿದ್ದೇನೆ. ಒಳಗೆ ಬರುವವರ ಕಾಲಿನಿಂದ ಕೋಳಿಗೆ ರೋಗ ಬಾರದಿರಲೆಂದು ನೆಲಕ್ಕೆ ಚೆಲ್ಲುವ ಸುಣ್ಣ ನನ್ನೊಳಗಿದೆ. ಮೈಮೇಲಿನ ಹೂವು ತುಕ್ಕು ತಿಂದು ಹೋಗಿದೆ, ಅದೂ ಒಳ್ಳೆಯದೇ ಆಯಿತು, ಇನ್ನು ನನ್ನನ್ನು ನೋಡಿ ಯಾರೂ ಮೋಸಹೋಗುವುದಿಲ್ಲ. ಪಾರವ್ವ ಅಂದು ಉಡಿ ಬಿಚ್ಚಿ ತೋರಿಸಿದ್ದು ಕೈಗೆ ಬಿದ್ದ ರೂಢಿಯಿಂದಲೋ, ಬೇಕೆಂದೇ ತೋರಿಸಿದಳೋ ಎಂಬ ಅನುಮಾನ ಮಾತ್ರ ನನಗೆ ಇಂದಿಗೂ ಹೋಗಿಲ್ಲ. ಹನುಮೇಶ ನಾಯಕನಿಗೂ ಹೋಗಿರಲಿಕ್ಕಿಲ್ಲ. ಸಂಜೆ ಕೆಲಸದ ಹೆಂಗಸರು ಗೇಟು ದಾಟುವ ಹೊತ್ತಿಗೆ ಅವನು ಏನಾದರೊಂದು ನೆಪ ಮಾಡಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಾನೆ.