ಕಿಟಕಿಯ ತುಣುಕು

ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸದ ತಂಗಿಗೆ ಒಂದು ಧಾರಾವಾಹಿಯ ಹುಚ್ಚು. ಅದರ ನಾಯಕಿ ಮನೆ ಬಿಟ್ಟು ಹೊರಡುವ ದೃಶ್ಯಗಳನ್ನು ಜೋಡಿಸಿ, ತನಗಿಷ್ಟವಾದ ಹಾಡಿಗೆ ಹೊಂದಿಸಿ ವಿಡಿಯೊ ಮಾಡಲು ಹೊರಟಳು. ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವ ಅಕ್ಕನೇ ಅವಳಿಗೆ ಗುರು.

ಮೊದಲ ಪ್ರಯತ್ನದಲ್ಲಿ ತಾಳ ಬಿದ್ದಲ್ಲೆಲ್ಲ ಚಿತ್ರ ಬದಲಾಗುತ್ತಿತ್ತು, ನಡುನಡುವೆ ನಕ್ಷತ್ರಗಳು ಉದುರುತ್ತಿದ್ದವು.

"ತಲೆ ಸುತ್ತತ್ತೆ ಕಣೇ," ಎಂದಳು ಅಕ್ಕ. "ಯಾವ್ದಾದ್ರೂ ಒಂದೇ ಭಾವ ಹಿಡ್ಕೋ. ಹಾಡು ಉಸಿರು ತಗೊಳ್ಳೋ ಕಡೆ ನೀನೂ ಸುಮ್ನಿರು."

ಹಾಡಿನಲ್ಲಿ ಬಾಗಿಲು ಎಂದು ಬಂದ ಮಾತ್ರಕ್ಕೆ ಬಾಗಿಲನ್ನೇ ತೋರಿಸಬೇಕಿಲ್ಲ ಎಂದೂ ಹೇಳಿದಳು. ಯಾವ ತುಣುಕನ್ನೇ ಬಳಸಲಿ, ಮೊದಲು ಅದರ ಮೂಲೆಮೂಲೆಯನ್ನೂ ನೋಡಬೇಕು ಎಂದಳು. ಈ ಕೊನೆಯ ಮಾತನ್ನು ತಂಗಿ ಅರೆಗಿವಿಯಲ್ಲಿ ಕೇಳಿಸಿಕೊಂಡಳು.

ಹಾಡಿನ ಕೊನೆಗೆ ದೃಶ್ಯ ಸಾಲದೆ ಬಂದಾಗ, ಆಸ್ಪತ್ರೆಯ ಕಿಟಕಿಯಲ್ಲಿ ಪರದೆ ಅಲುಗಾಡುವುದನ್ನು ಫೋನಿನಲ್ಲಿ ಹಿಡಿದು ಸೇರಿಸಿದಳು. ವಿಡಿಯೊ ಹಾಕಿದ್ದೇ ತಡ, ಹೊಗಳಿಕೆ ಬರತೊಡಗಿತು. ಅವಳ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಒಬ್ಬ ಬರೆದ: "ಆ ಬೀಗದಂಗಡಿ ನಂಗೆ ಗೊತ್ತು. ನೀವು ಕೂರೋ ಜಾಗಾನೂ ಗೊತ್ತಾಯ್ತು. ನಾಳೆ ಬರ್ತೀನಿ."

ವಿಡಿಯೊ ನಿಲ್ಲಿಸಿ ನೋಡಿದಳು. ಕಿಟಕಿಯಾಚೆ ಎದುರಿನ ಬೀಗದಂಗಡಿಯ ಬೋರ್ಡು, ಗಾಜಿನಲ್ಲಿ ಅವಳದೇ ಮುಖ. ತಕ್ಷಣ ಅಳಿಸಿದಳು. ಆದರೆ ನೋಡಿದವನು ನೋಡಿಯಾಗಿತ್ತು.

ಮರುದಿನ ಅಕ್ಕ ಜೊತೆಗೆ ಬಂದು, ಹಲ್ಲುನೋವಿನವಳಂತೆ ಕೆನ್ನೆಗೆ ಕೈಯಿಟ್ಟು ರೋಗಿಗಳ ನಡುವೆ ಕುಳಿತಳು. ಬಾಗಿಲು ತೆರೆದಾಗಲೆಲ್ಲ ತಂಗಿ ಚೀಟಿ ಬರೆಯುವುದನ್ನು ಬಿಟ್ಟು ತಲೆಯೆತ್ತುತ್ತಿದ್ದಳು. ಮಧ್ಯಾಹ್ನ ಇಸ್ತ್ರಿ ಅಂಗಿಯವನೊಬ್ಬ ಬಂದು, ಅವಳ ಮುಂದೆ ಫೋನು ಹಿಡಿದ. ತೆರೆಯ ಮೇಲೆ ಅವಳ ಮುಖ ದೊಡ್ಡದಾಗಿ ನಿಂತಿತ್ತು.

"ನೀವು ಅಳಿಸಿದ್ರಿ. ನಾನು ಇಟ್ಕೊಂಡಿದ್ದೀನಿ," ಎಂದ, ಮೆಲ್ಲಗೆ.

ಅಕ್ಕ ಎದ್ದು ಬಂದು ಇಬ್ಬರ ನಡುವೆ ನಿಂತಳು. "ನಾನು ಇವಳ ಅಕ್ಕ. ಅದನ್ನ ನನ್ನ ಎದುರಿಗೇ ಅಳಿಸಿ."

ಅಕ್ಕನ ದನಿ ಕೇಳಿ ಒಳಗಿನಿಂದ ಕೈಗವಸಿನಲ್ಲೇ ಹೊರಬಂದ ಡಾಕ್ಟರಮ್ಮ, ಪೊಲೀಸರಿಗೆ ಫೋನು ಮಾಡುತ್ತಿರುವುದಾಗಿ ತಿಳಿಸಿದರು. ಅವನು ಅಳಿಸಿ ತೋರಿಸಿದ. ಹೆದರಿಸಲು ಬಂದಿರಲಿಲ್ಲ ಎಂದು ನಗುತ್ತಲೇ ಹೊರಟುಹೋದ. ಆ ನಗುವಿಗೇ ತಂಗಿ ಹೆಚ್ಚು ಹೆದರಿದಳು. ಅವನ ಬಳಿ ಇನ್ನೊಂದು ಪ್ರತಿ ಇದೆಯೋ ಇಲ್ಲವೋ, ಹೇಳುವವರು ಯಾರು? ಸಂಜೆ ಅಕ್ಕತಂಗಿಯರು ಠಾಣೆಗೆ ಹೋಗಿ ದೂರು ಕೊಟ್ಟರು.

ಅವನು ಮತ್ತೆ ಬರಲಿಲ್ಲ. ಆದರೂ ಎಷ್ಟೋ ದಿನ ತಂಗಿ ಸುತ್ತುದಾರಿಯಲ್ಲೇ ಕೆಲಸಕ್ಕೆ ಹೋದಳು. ಒಂದು ರಜೆಯ ಬೆಳಿಗ್ಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಧಾರಾವಾಹಿಯ ದೃಶ್ಯಗಳನ್ನು ಮತ್ತೆ ತೆರೆದಳು. ಹೊಸ್ತಿಲಲ್ಲಿ ನಿಂತ ನಾಯಕಿ ಸಂತೋಷದಿಂದ ಹೊರಟಿದ್ದಾಳೆ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. ಈಗ ನೋಡಿದರೆ, ಆ ಕಣ್ಣುಗಳಲ್ಲಿ ಬರೀ ದಿಗಿಲು. ಆ ತುಣುಕನ್ನು ಕತ್ತರಿಸದೆ ಪೂರ್ತಿ ಬಿಟ್ಟಳು. ಮೌಸು ಬಿಟ್ಟು ಮನೆಯ ಬಾಗಿಲತ್ತ ತಿರುಗಿದಳು.

"ಅಕ್ಕ, ಬಾಗಿಲಿಗೆ ಚಿಲಕ ಹಾಕಿದ್ಯಾ?" ಎಂದು ಕೇಳಿದಳು.