ಕೋಟಿನ ಒಳಗಿನ ಗುಂಡಿಗಳು

ಸ್ವಲ್ಪ ನಿಲ್ಲಿ, ಕೈಯಲ್ಲಿರುವ ಕೆಲಸ ಒಂದು ಗಳಿಗೆ ಪಕ್ಕಕ್ಕಿಡಿ, ಈ ಕೋಟಿನ ಕಥೆಯನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋದರೆ ಕೊನೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಆ ಮನೆಯಲ್ಲಿದ್ದವರು ನಾಲ್ಕೇ ಜನ. ಮಾವ ದರ್ಜಿ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರೂ ಹೊಲಿಗೆ ಮಿಷನ್ನನ್ನು ಮಾತ್ರ ಬಿಡದೆ, ಮನೆಯ ಕಿಟಕಿ ಪಕ್ಕ ಇಟ್ಟುಕೊಂಡು ಕೂತವರು. ಅತ್ತೆಯದು ಬಾಯಿ ಜೋರು, ಕೈ ಧಾರಾಳ. ಮಗ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಪ್ಯಾಕಿಂಗ್ ಮಾಡುವವನು. ಇನ್ನು ಸೊಸೆ, ಕಥೆಯೆಲ್ಲ ಇವಳದೇ. ಗುಂಡಿ ಫ್ಯಾಕ್ಟರಿಯಲ್ಲಿ ಚೆಕಿಂಗ್ ಮೇಜಿನ ಮುಂದೆ ಕೂತು, ಸರಿಯಾದ ಗುಂಡಿ ಈ ಕಡೆ, ಸೀಳಿದ್ದು ಸೊಟ್ಟಗಿದ್ದದ್ದು ಆ ಕಡೆ ಎಂದು ಆರಿಸುವವಳು. ಆರಿಸಿ ಆರಿಸಿ ಅವಳ ಬೆರಳಿಗೇ ಕಣ್ಣು ಬಂದುಬಿಟ್ಟಿತ್ತು. ಕತ್ತಲಲ್ಲಿ ಕೊಟ್ಟರೂ ಇದು ಯಾವ ಕಂಪನಿಯ ಗುಂಡಿ ಎಂದು ಹೇಳುತ್ತಿದ್ದಳು.

ಆದರೆ ಆ ಗುಂಡಿಗಳು ಡಬ್ಬಿಯೊಳಗೆ ಬಿದ್ದು ಲಾರಿ ಹತ್ತಿ ಎಲ್ಲಿಗೆ ಹೋಗುತ್ತವೆ ಎಂದು ಅವಳು ಒಂದು ದಿನವೂ ನೋಡಿರಲಿಲ್ಲ. ಆ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಮಾರಾಟಕ್ಕೆ ಓಡಾಡುತ್ತಿದ್ದವನು ಕೆಲಸ ಬಿಟ್ಟುಹೋದಾಗ ಮ್ಯಾನೇಜರ್ ಅವಳನ್ನು ಕರೆದರು.

"ನೋಡಮ್ಮ, ಬೇರೆ ಊರಲ್ಲಿ ಯೂನಿಫಾರಂ ಹೊಲಿಯೋ ದೊಡ್ಡ ಕಂಪನಿಯೊಂದಿದೆ. ಆರ್ಡರ್ ತಂದ್ರೆ ಇನ್ಮೇಲೆ ಊರೂರು ಸುತ್ತೋ ಕೆಲಸ ನಿಮ್ದು. ತರಲಿಲ್ಲ ಅಂದ್ರೆ ನಿಮ್ಮ ಮೇಜು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ."

"ತರ್ತೀನಿ ಸರ್."

"ಒಂದು ಮಾತು ನೆನಪಿಟ್ಕೊಳ್ಳಿ. ಅಲ್ಲಿ ಖರೀದಿ ನೋಡ್ಕೊಳ್ಳೋ ಮೇಡಂ ಇದಾರಲ್ಲ, ಅವರು ಎದುರಿಗಿರೋರ ಮುಖ ಆಮೇಲೆ ನೋಡೋದು, ಬಟನ್ ಮೊದಲು ನೋಡೋದು. ಬಟ್ಟೆ ಚೆನ್ನಾಗಿರಲಿ. ಬಟನ್ ನಮ್ಮದೇ ಇರಲಿ."

ಇಷ್ಟು ಸಣ್ಣ ವಿಷಯ ಮರೆಯುವವರುಂಟೇ ಎಂದುಕೊಂಡು ಸೊಸೆ ಮನೆಗೆ ಬಂದು, ಬಟನ್ನಿನ ಮಾತೊಂದನ್ನು ಬಿಟ್ಟು ಸುದ್ದಿಯೆಲ್ಲ ಹೇಳಿದಳು. ಅಲ್ಲಿಂದ ಶುರುವಾಯಿತು ನೋಡಿ ಮನೆಮಂದಿಯ ಸಂಭ್ರಮ! ಹೊರಟವಳು ಒಬ್ಬಳು, ಸಡಗರ ನಾಲ್ಕು ಜನಕ್ಕೆ.

ಗಂಡ ಆಫೀಸಿನಿಂದ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಶೀಟಿನ ಸುರುಳಿಯನ್ನೇ ಹೆಗಲ ಮೇಲೆ ಹೊತ್ತು ತಂದ. ಪಿಯಾನೋ, ಬೀರು, ಬಣ್ಣದ ಗಾಜು ಎಲ್ಲಾ ಕಟ್ಟಿ ಕಳಿಸಿದ ಕೈ ಅದು. ಹೆಂಡತಿಯ ಸೂಟ್‌ಕೇಸನ್ನು ಸುಮ್ಮನೆ ಬಿಟ್ಟೀತೇ? ಸ್ಯಾಂಪಲ್ ಗುಂಡಿಗಳ ಹಲಗೆಗೆ ಮೂರು ಸುತ್ತು. ಶೂಗೆ ಎರಡು ಸುತ್ತು. ಕೊನೆಗೆ ಹಲ್ಲುಜ್ಜುವ ಬ್ರಷ್ಷಿಗೂ ಶೀಟು ಸುತ್ತಿ ಟೇಪು ಹಾಕಿದ.

"ರೀ, ಬ್ರಷ್ ಏನು ಗಾಜಿನದಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರೇ. ದಾರಿಯಲ್ಲಿ ಏನೇನಾಗುತ್ತೆ ಅಂತ ಕಂಡೋನು ನಾನು."

"ಬೆಳಿಗ್ಗೆ ಅದನ್ನ ಬಿಚ್ಚೋಷ್ಟರಲ್ಲಿ ಮೀಟಿಂಗ್ ಮುಗ್ದಿರುತ್ತೆ."

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಸೂಟ್‌ಕೇಸಿನ ಮೇಲೆ ಕೆಂಪು ಸ್ಟಿಕ್ಕರ್ ಬೇರೆ ಅಂಟಿಸಿದ: "ಜಾಗ್ರತೆ, ಒಡೆಯುವ ವಸ್ತು." ಪಕ್ಕದಲ್ಲಿ ಬಾಣದ ಗುರುತು, "ಈ ಭಾಗ ಮೇಲೆ."

ಅತ್ತೆ ಉಣ್ಣೆಯ ಕಾಲುಚೀಲ, ತಲೆನೋವಿನ ಮಾತ್ರೆ, ತಿಂಡಿಯ ಡಬ್ಬಿ, ಅದು ಸಾಲದು ಎಂದು ಇನ್ನೊಂದು ಡಬ್ಬಿ ತಂದು ತುರುಕಿದರು. ತುರುಕುತ್ತಲೇ ಬೈದರು, "ಎರಡು ದಿನಕ್ಕೆ ಹೋಗಿಬರ್ತಿದೀಯೋ, ಮನೆ ಖಾಲಿ ಮಾಡ್ತಿದೀಯೋ? ಇಷ್ಟು ದೊಡ್ಡ ಗಂಟು!"

"ಅತ್ತೆ, ಅರ್ಧ ನೀವೇ ತುಂಬಿದ್ದು."

"ಮತ್ತೆ? ಅಲ್ಲಿ ಹಸಿದು ಕೂತು ಅತ್ತೆ ಹೀಗೇ ಕಳಿಸಿದ್ರು ಅಂತ ಹೇಳ್ತೀಯಾ?"

ಈ ಗಲಾಟೆಯ ನಡುವೆ ಮಾವನದು ಬೇರೆಯೇ ಆಟ. ವಾರದಿಂದ ಅವರು ಸೊಸೆ ಕೆಲಸಕ್ಕೆ ಹೋದ ಮೇಲೆ ಮಿಷನ್ ತುಳಿಯುವುದು, ಅವಳು ಬರುವ ಹೊತ್ತಿಗೆ ಏನೂ ಗೊತ್ತಿಲ್ಲದವರ ಹಾಗೆ ಪೇಪರ್ ಹಿಡಿದು ಕೂರುವುದು. ಪೇಪರ್ ತಲೆಕೆಳಗಾಗಿದ್ದದ್ದನ್ನು ಒಮ್ಮೆ ಸೊಸೆ ಕಂಡಿದ್ದಳು, ಆದರೂ ಕೇಳಿರಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವರು ಬೀರುವಿನ ಹಿಂದಿನಿಂದ ಹಳೆಯ ಬೆಡ್‌ಶೀಟು ಸುತ್ತಿದ ಏನನ್ನೋ ತಂದು ಅವಳ ಮುಂದೆ ಹಿಡಿದರು.

"ಹಾಕ್ಕೊಂಡು ನೋಡು ಮಗಳೇ."

ಕಡುನೀಲಿ ಬಣ್ಣದ ಕೋಟು. ತೋಳು ಅಳತೆ ಹಿಡಿದ ಹಾಗೆ ಮಣಿಕಟ್ಟಿಗೆ ಬಂದು ನಿಂತಿತು. ಹೆಗಲ ಮೇಲೆ ಒಂದು ಸುಕ್ಕಿಲ್ಲ. ಕನ್ನಡಿಯಲ್ಲಿ ನಿಂತವಳು ತಾನೇನಾ ಎಂದು ಅವಳು ಎರಡು ಸಲ ನೋಡಿಕೊಂಡಳು.

"ಅಳತೆ ಯಾವಾಗ ತಗೊಂಡ್ರಿ ಮಾವ?"

"ಒಗೆದು ಹಾಕಿದ್ಯಲ್ಲ ನಿನ್ನ ಹಳೇ ಜಾಕೆಟ್ಟು, ಅದ್ರಿಂದ ಕದ್ದೆ."

"ಕಣ್ಣು ಕಾಣದೆ ಎಷ್ಟು ಸಲ ಬಿಚ್ಚಿ ಹೊಲಿದ್ರು ಕೇಳು," ಎಂದರು ಅತ್ತೆ. "ಸೂಜಿಗೆ ದಾರ ಪೋಣಿಸಿ ಪೋಣಿಸಿ ನನ್ನ ಕಣ್ಣೂ ಹೋಯ್ತು. ಇನ್ನು ಈ ಮನೇಲಿ ದಾರಿ ತೋರಿಸೋರೇ ಇಲ್ಲ."

ನಗುತ್ತ ನಗುತ್ತ ಸೊಸೆ ಗುಂಡಿ ಹಾಕಿಕೊಳ್ಳಲು ಹೋದಳು. ಬೆರಳು ಮೇಲಿನ ಗುಂಡಿಗೆ ತಾಕಿದ್ದೇ ತಡ, ಅಲ್ಲೇ ನಿಂತಿತು. ಅಂಚಿನ ಸುತ್ತ ಕೂದಲೆಳೆಯಂಥ ಗೀರು, ನಡುವೆ ತಗ್ಗಿದ ನಾಲ್ಕು ತೂತು. ನೋಡಬೇಕಾಗಿಯೇ ಇರಲಿಲ್ಲ. ಇವು ತಮ್ಮ ಫ್ಯಾಕ್ಟರಿಯವಲ್ಲ. ಎದುರಾಳಿ ಕಂಪನಿಯವು! ತಾತನ ಕಾಲದಿಂದ ಹೆಸರು ಮಾಡಿದ ಕಂಪನಿ. ಯಾರ ಕೈಯಿಂದ ಆರ್ಡರ್ ಕಿತ್ತು ತರಲು ಇವಳು ಹೊರಟಿದ್ದಳೋ ಅವರದೇ ಗುಂಡಿ ಇವಳ ಎದೆಯ ಮೇಲೆ.

ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಮಾವನೇ ಶುರುಮಾಡಿದರು.

"ಗುಂಡಿ ಹೇಗಿದೆ? ಅದು ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ತಗೊಂಡಿದ್ದು. ಆವಾಗೆಲ್ಲ ದಿನಾ ಯಾರಿಗಾದ್ರೂ ಕೋಟು ಹೊಲಿಯೋದು, ಅವರು ಹಾಕ್ಕೊಂಡು ಆ ಊರು ಈ ಊರು ಅಂತ ಹೋಗೋದು. ನಮ್ಮನೆಯಿಂದನೂ ಯಾರಾದ್ರೂ ಹೀಗೆ ಕೋಟು ಹಾಕ್ಕೊಂಡು ಕೆಲಸದ ಮೇಲೆ ಹೊರಡ್ತಾರೆ, ಅವರಿಗೆ ಇರಲಿ ಅಂತ ಎತ್ತಿಟ್ಟೆ. ನಾನಂತೂ ಅಂಗಡಿ ಬಿಟ್ಟು ಕದಲಲಿಲ್ಲ. ಇವನು ನೋಡಿದ್ರೆ..." ಮಗನ ಕಡೆ ಗದ್ದ ಎತ್ತಿದರು, "ಟೀ ಶರ್ಟು ಬಿಟ್ಟು ಬೇರೆ ಹಾಕಲ್ಲ."

"ಅಪ್ಪ, ಕೋಟು ಹಾಕ್ಕೊಂಡು ಬೀರು ಹೊರೋಕಾಗುತ್ತಾ?"

"ಅದಕ್ಕೇ ಹೇಳಿದ್ದು. ಕಾದಿದ್ದು ಸಾರ್ಥಕ ಆಯ್ತು ಬಿಡು," ಎಂದು ಮಾವ ಸೊಸೆಯ ಕಾಲರನ್ನು ಸರಿ ಮಾಡಿದರು. ಅವರ ಮುಖ ಊರಗಲವಾಗಿತ್ತು.

ಈಗ ಹೇಗೆ ಹೇಳುವುದು? ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಸೊಸೆ "ಬಹಳ ಚೆನ್ನಾಗಿದೆ ಮಾವ" ಎಂದಳು. ಅದು ಸುಳ್ಳೇನೂ ಅಲ್ಲ. ಒಳಗೊಳಗೇ ಉಪಾಯವೂ ಹೊಳೆದಿತ್ತು. ಸ್ಯಾಂಪಲ್‌ನಲ್ಲಿ ಇದೇ ಬಣ್ಣದ, ಇದೇ ಅಳತೆಯ ಗುಂಡಿಗಳಿವೆ. ಆ ಊರಿಗೆ ಹೋಗಿ ಇವನ್ನು ಬಿಚ್ಚಿ ಅವನ್ನು ಹಾಕುವುದು, ವಾಪಸ್ ಬರುವ ಮುಂಚೆ ಮತ್ತೆ ಇವನ್ನೇ ಹೊಲಿಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅತ್ತೆ ಅತ್ತ ತಿರುಗಿದಾಗ ಮಿಷನ್ನಿನ ಡ್ರಾಯರಿನಿಂದ ಸೂಜಿ, ದಾರ, ಸಣ್ಣ ಕತ್ತರಿ ತೆಗೆದು ಕಾಲುಚೀಲದೊಳಗೆ ಅಡಗಿಸಿದಳು. ಸ್ವಂತ ಮನೆಯಲ್ಲೇ ಕಳ್ಳತನ!

ಗಂಡ ಕೋಟಿಗೂ ಶೀಟು ಸುತ್ತಿ, ಅದನ್ನು ಹಸುಗೂಸಿನ ಹಾಗೆ ಮಲಗಿಸಿ ಸೂಟ್‌ಕೇಸ್ ಮುಚ್ಚಿದ. ಮರುದಿನ ರೈಲು ಹತ್ತಿಸುವಾಗಲೂ ಅವನ ಮಾತು ಒಂದೇ: "ಬಾಣ ಮೇಲಿರಲಿ, ನೆನಪಿಟ್ಕೋ."

ಲಾಡ್ಜಿನ ರೂಮಿನಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಕುರ್ಚಿ ಎಳೆದುಕೊಂಡು ಸೊಸೆ ಕೂತಳು. ಕೋಟನ್ನು ತೊಡೆಯ ಮೇಲೆ ಹರಡಿ, ಮೇಲಿನ ಗುಂಡಿಯನ್ನು ಎತ್ತಿ ಹಿಡಿದು ಕತ್ತರಿಯ ಮೊನೆಯನ್ನು ದಾರದ ಕೆಳಗೆ ತೂರಿಸಿದಳು. ಬಟ್ಟೆ ಎಲ್ಲಿ ಕತ್ತರಿಸಿಹೋಗುತ್ತದೋ ಎಂದು ಒಳಮಗ್ಗುಲನ್ನು ಮಗುಚಿದಳು. ಮನೆಯಲ್ಲಿ ಗಾಬರಿಯಿಂದ ಆ ಮಗ್ಗುಲನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಹೊರಗಿನ ಪ್ರತಿಯೊಂದು ಗುಂಡಿಯ ಬೆನ್ನಿಗೆ ಒಳಗಡೆ ಒಂದೊಂದು ಪುಟ್ಟ ಗುಂಡಿ ಕೂತಿತ್ತು. ದಪ್ಪ ಬಟ್ಟೆಯ ಕೋಟಿಗೆ ದರ್ಜಿಗಳು ಹಾಗೆ ಹಾಕುವುದುಂಟು. ಒಂದೇ ದಾರ ಎರಡನ್ನೂ ಹಾಯ್ದು ಹೋಗುತ್ತದೆ, ಎಳೆದಾಟವನ್ನೆಲ್ಲ ಒಳಗಿನದು ತಡೆದುಕೊಳ್ಳುತ್ತದೆ, ಬಟ್ಟೆ ಹರಿಯುವುದಿಲ್ಲ. ಅದಲ್ಲ ವಿಷಯ. ಆ ಪುಟ್ಟ ಗುಂಡಿಗಳ ಅಂಚಿನಲ್ಲಿ ಹಾಲಿನ ಹನಿ ಹರಿದಂಥ ಒಂದು ಬಿಳಿ ಗೆರೆ ಇತ್ತು. ಆ ಗೆರೆ ಅವಳಿಗೆ ಗೊತ್ತು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಣ್ಣ ಸರಿಯಾಗಿ ಕೂಡಿಲ್ಲ ಎಂದು ಅವಳೇ ಆರಿಸಿ ತೆಗೆದ ಗುಂಡಿಗಳವು. ಬೇಕಾದವರು ಒಯ್ಯಬಹುದು ಎಂದಾಗ ಒಂದು ಹಿಡಿ ಮನೆಗೆ ತಂದು, "ನೋಡಿ ಮಾವ, ಇವತ್ತು ನಾನು ಹಿಡಿದ ತಪ್ಪು" ಎಂದು ಅವರ ಅಂಗೈಗೆ ಸುರಿದಿದ್ದಳು. "ಇಷ್ಟು ಗಟ್ಟಿ ಗುಂಡೀನ ಬಿಸಾಡ್ತಾರಾ?" ಎಂದು ಅವರು ಎಲ್ಲೋ ಇಟ್ಟುಕೊಂಡಿದ್ದರು. ಎಲ್ಲೆಂದು ಈಗ ತಿಳಿಯಿತು.

ಕತ್ತರಿ ಕೈಯಲ್ಲೇ ಉಳಿಯಿತು. ಒಂದು ದಾರ ಕತ್ತರಿಸಿದರೆ ಎರಡೂ ಉದುರುತ್ತವೆ, ಅವರದೂ, ತನ್ನದೂ. ಆ ಬಿಗಿಯಲ್ಲಿ ಮತ್ತೆ ಹೊಲಿಯುವುದು ತನ್ನ ಕೈಯಿಂದಾಗುವ ಮಾತಲ್ಲ, ಮಂಜುಗಣ್ಣಿನಲ್ಲೂ ಮಾವ ಬೆರಳಾಡಿಸಿ ಕಂಡುಹಿಡಿಯುತ್ತಾರೆ. ಅದೂ ನಿಜ. ಆದರೆ ಅದೊಂದೇ ಕಾರಣವೇ? ಅವಳು ಕತ್ತರಿಯನ್ನು ಕಾಲುಚೀಲಕ್ಕೆ ವಾಪಸ್ ತುರುಕಿ, ಕೋಟು ತೊಟ್ಟು, ಎಲ್ಲಾ ಗುಂಡಿ ಹಾಕಿ ಹೊರಟೇಬಿಟ್ಟಳು. ಆದದ್ದಾಗಲಿ!

ಖರೀದಿ ಮೇಡಂ ಕನ್ನಡಕಕ್ಕೆ ಸರ ಹಾಕಿಕೊಂಡ ಹಿರಿಯ ಹೆಂಗಸು. ಅವತ್ತು ಬಟನ್ನಿಗಿಂತ ಮೊದಲು ಅವರ ಕಣ್ಣು ಸೂಟ್‌ಕೇಸಿನ ಮೇಲೆ ಬಿತ್ತು.

"ಒಡೆಯೋ ವಸ್ತು ಯಾವುದು, ಬಟನ್ನಾ, ನೀವಾ?"

"ನಮ್ಮನೆಯವರು ಅಂಟಿಸಿದ್ದು ಮೇಡಂ. ಬ್ರಷ್ಷಿಗೂ ಪ್ಯಾಕಿಂಗ್ ಮಾಡಿ ಕಳಿಸಿದಾರೆ."

ನಗಲಿಕ್ಕೆ ಹೋದ ಮೇಡಂ ಕಣ್ಣು ಅಷ್ಟರಲ್ಲಿ ಕೋಟಿನ ಮೇಲೆ ಬಿತ್ತು. ಕನ್ನಡಕ ಮೂಗಿಗೇರಿತು. "ಅಲ್ಲಮ್ಮ, ನಮಗೆ ನಿಮ್ಮ ಬಟನ್ ತಗೊಳ್ಳಿ ಅಂತೀರಿ. ನೀವು ಹಾಕ್ಕೊಂಡಿರೋದು ಅವರದ್ದು?"

ಚೆಕಿಂಗ್ ಮೇಜು, ಅದರ ಮೇಲಿನ ಬಿಳಿ ದೀಪ, ಜೀವಮಾನವಿಡೀ ಈ ಕಡೆ ಆ ಕಡೆ, ಎಲ್ಲಾ ಸೊಸೆಯ ಕಣ್ಣ ಮುಂದೆ ಬಂತು. ಬುರುಡೆ ಬಿಡಲು ಬರುವುದಿಲ್ಲ. ಇದ್ದದ್ದನ್ನೇ ಹೇಳಿದಳು.

"ಹೌದು ಮೇಡಂ, ಅವರದ್ದೇ. ನಮ್ಮ ಮಾವ ಹೊಲಿದ ಕೋಟು. ಮನೆಯಿಂದ ಯಾರಾದ್ರೂ ಹೀಗೆ ಹೊರಡ್ತಾರೆ ಅಂತ ಆ ಕಾಲದಿಂದ ಈ ಬಟನ್ ಎತ್ತಿಟ್ಟಿದ್ರಂತೆ. ಬಿಚ್ಚೋಕೆ ಅಂತ ಕತ್ತರಿನೂ ತಂದಿದ್ದೆ. ಕೈ ಬರಲಿಲ್ಲ." ಕೋಟಿನ ಅಂಚನ್ನು ಮಗುಚಿ ತೋರಿಸಿದಳು. "ಎದುರಿಗೆ ನಿಂತಿರೋದು ಅವರದ್ದು. ಹಿಂದಿನಿಂದ ಹಿಡ್ಕೊಂಡಿರೋದು ಮಾತ್ರ ನಮ್ಮದು. ಅದೂ ಪಾಸಾಗದೆ ಉಳಿದಿದ್ದು, ನಾನೇ ತೆಗೆದುಹಾಕಿದ್ದು."

ಮೇಡಂ ಎದ್ದು ಬಂದರು. ಒಂದು ಗುಂಡಿಯನ್ನು ಹೆಬ್ಬೆರಳಿನಲ್ಲಿ ಹಿಡಿದು ಜಗ್ಗಿದರು. ಸೊಸೆಯೇ ಒಂದು ಹೆಜ್ಜೆ ಮುಂದೆ ಬಂದಳೇ ಹೊರತು ಗುಂಡಿ ಅಲ್ಲಾಡಲಿಲ್ಲ.

"ನಮ್ಮ ಕೋಟುಗಳದ್ದು ಇದೇ ಗೋಳು," ಎಂದರು ಮೇಡಂ ಕುರ್ಚಿಗೆ ಮರಳುತ್ತ. "ಬಟನ್ ಗಟ್ಟಿ ಇರುತ್ತೆ, ಬಟ್ಟೆ ಹರಿದು ವಾಪಸ್ ಬರುತ್ತೆ. ಒಳಗೊಂದು ಹಾಕೋದು ನಾವು ಬಿಟ್ಟೇ ಬಿಟ್ಟಿದ್ವಿ." ಸ್ವಲ್ಪ ಹೊತ್ತು ಸ್ಯಾಂಪಲ್ ಹಲಗೆ ನೋಡಿದರು. "ದೊಡ್ಡದು ನಾವು ಯಾವಾಗಲೂ ತಗೊಳ್ಳೋ ಕಡೆನೇ. ಹಳೇ ಗಂಡನ ಪಾದವೇ ಗತಿ. ಈ ಚಿಕ್ಕದು ನಿಮ್ಮಿಂದ ತಗೋತೀನಿ. ಪಾಸಾಗಿರೋದು ಕಳಿಸಿ, ಮತ್ತೆ!"

ಹೊರಗೆ ಬಂದ ಕೂಡಲೇ ಸೊಸೆ ಮ್ಯಾನೇಜರಿಗೆ ಫೋನ್ ಮಾಡಿ ನಡೆದದ್ದೆಲ್ಲ ಒದರಿದಳು, ಕೋಟಿನ ಕಥೆಯನ್ನೂ ಬಿಡದೆ.

"ಆನೆ ತಗೊಂಡು ಬನ್ನಿ ಅಂತ ಕಳಿಸಿದ್ರೆ ಬಾಲ ಹಿಡ್ಕೊಂಡು ಬರ್ತಿದೀರಲ್ರೀ!"

"ಬಾಲ ಬಿಡಲ್ಲ ಸರ್. ಆನೆ ಎಲ್ಲಿಗೆ ಹೋಗುತ್ತೆ?"

ಆ ಕಡೆಯಿಂದ ನಗು ಕೇಳಿಸಿತು. "ಸರಿ, ಮುಂದಿನ ತಿಂಗಳು ಇನ್ನೊಂದು ಊರಿದೆ, ನೀವೇ ಹೋಗಿ. ಆದ್ರೆ ಆ ಕೋಟಿಗೆ ನಮ್ಮ ಬಟನ್ ಹಾಕ್ಸಿ. ಒಂದು ಸಲ ನಡೀತು, ಪ್ರತಿ ಸಲ ನಡೆಯಲ್ಲ."

ಮನೆ ತಲುಪಿದಾಗ ಮೂವರೂ ಬಾಗಿಲಲ್ಲೇ ಇದ್ದರು. ಗಂಡ ಮೊದಲು ಸೂಟ್‌ಕೇಸಿನ ನಾಲ್ಕೂ ಮೂಲೆ ಸವರಿ ನೋಡಿದ, ಅತ್ತೆ ಡಬ್ಬಿ ಅಲ್ಲಾಡಿಸಿ ಖಾಲಿಯಾಗಿದೆಯೇ ಎಂದು ನೋಡಿದರು. ಮಾವ ಮಾತ್ರ ಕೋಟಿನ ಮುಂದೆ ನಿಂತು, ಒಂದೊಂದೇ ಗುಂಡಿಯನ್ನು ಬೆರಳಿನಲ್ಲಿ ಮುಟ್ಟಿಕೊಂಡು ಬಂದರು. ಎಲ್ಲಾ ಇದ್ದವು.

"ಗುಂಡಿ ನೋಡಿದ್ರಾ ಅವರು?"

"ಅವರು ನೋಡಿದ್ದೇ ಗುಂಡಿ ಮಾವ. ಅದ್ರಿಂದಾನೇ ಆರ್ಡರ್ ಸಿಕ್ತು."

"ಹೇಳಲಿಲ್ವಾ ನಾನು!" ಮಾವ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೇ? ಇನ್ಮೇಲೆ ಎಲ್ಲಿಗೆ ಹೋದ್ರೂ ಇದೇ ಕೋಟು. ಒಂದು ಗುಂಡಿ ಸಡಿಲ ಆದ್ರೂ ನನಗೆ ಹೇಳು ಮಗಳೇ, ಬೇರೆ ಯಾರ ಕೈಗೂ ಕೊಡಬೇಡ."

"ಹೂಂ ಮಾವ," ಎಂದಳು ಸೊಸೆ.

ಕೋಟು ಈಗ ಮಿಷನ್ನಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಮಾವ ದಿನಾ ಅದರ ಧೂಳು ಒರೆಸುತ್ತಾರೆ. ಕತ್ತರಿ ಡ್ರಾಯರಿಗೆ ವಾಪಸ್ ಸೇರಿದೆ. ಮುಂದಿನ ತಿಂಗಳು ಹತ್ತಿರ ಬರುತ್ತಿದೆ, ಗುಂಡಿ ಬದಲಿಸಬೇಕೆಂದು ಮ್ಯಾನೇಜರ್ ಹೇಳಿದ್ದನ್ನು ಸೊಸೆ ಮಾವನ ಮುಂದೆ ಇನ್ನೂ ಬಾಯಿ ಬಿಟ್ಟಿಲ್ಲ. ನೀವೇ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?